ಎಸೆಕ್ಸ್ ಕೌಂಟಿಯ ನ್ಯಾಯಪತ್ರಗಳು

೧

ವ್ಯವಹಾರಕ್ಕೆ ನಾಲ್ಕು ಪಾದಗಳುಂಟೆಂದು ಧರ್ಮಶಾಸ್ತ್ರಕಾರರು ಹೇಳುವರು. ವಾದಿಯು ತನ್ನ ದೂರನ್ನು ನಿವೇದಿಸುವುದು ಭಾಷಾಪಾದ. ಪ್ರತಿವಾದಿಯು ಅದಕ್ಕೆ ಮರುಮಾತು ಹೇಳುವುದು ಉತ್ತರಪಾದ. ಸಾಕ್ಷಿ, ಲೇಖ್ಯ, ಭುಕ್ತಿಗಳಿಂದ ಪ್ರಮಾಣಪಡಿಸುವುದು ಕ್ರಿಯಾಪಾದ. ಕಡೆಯಲ್ಲಿ ಇಂತಹವನದು ಗೆಲವು, ಇಂತಹವನದು ಸೋಲು ಎಂಬ ನಿರ್ಣಯವು ಸಾಧ್ಯಸಿದ್ಧಿಪಾದ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದುಕೊಂಡು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಈ ಕ್ರಮವನ್ನು ವಿಶದಪಡಿಸಿರುವನು. ಗೆದ್ದವನಿಗೆ ಜಯಪತ್ರವನ್ನು ಕೊಡಬೇಕೆಂದೂ, ಅದರಲ್ಲಿ ದೂರು, ಉತ್ತರ, ಪ್ರಮಾಣ, ನಿರ್ಣಯ ಇವುಗಳ ಸಾರವು ಅಡಕವಾಗಿರಬೇಕೆಂದೂ ಸ್ಮೃತಿಗಳ ವಿಧಿ. ನ್ಯಾಯಸ್ಥಾನದಲ್ಲಿ ಆಡಿದ ಮಾತು ಪತ್ರದಲ್ಲಿ ನಿಲ್ಲಬೇಕೆಂಬುದು ಬಹು ಹಿಂದಿನಿಂದಲೂ ತಿಳಿದವರ ಅಭಿಪ್ರಾಯವಾಗಿದ್ದಿತೆಂದು ಇದರಿಂದ ಗೊತ್ತಾಗುವುದು.

ಆದರೆ ಪತ್ರವು ನಿಂತಮಾತ್ರಕ್ಕೆ ಎಲ್ಲವೂ ಆದಂತಾಗಲಿಲ್ಲ. ಅದನ್ನು ನೋಡಲು ಯಾರಿಗೆ ಅಧಿಕಾರ? ಗೆದ್ದವನಿಗೆ ಮಾತ್ರವೆ, ನ್ಯಾಯಾಧಿಪತಿಗೆ ಮಾತ್ರವೆ, ಇಲ್ಲವೆ ಆ ವ್ಯಾಜ್ಯದಲ್ಲಿ ಯಾವ ಸಂಬಂಧವೂ ಇಲ್ಲದ ಮೂರನೆಯವನಿಗೂ ಉಂಟೆ? ಸೋತವನು ಸತ್ತು ನೂರಾರು ವರ್ಷಗಳಾದ ಮೇಲೆ ಯಾರೋ ಒಬ್ಬನು ಬಂದು, "ಆ ಕಡತವನ್ನು ತೆಗೆದು ತೋರಿಸಿರಿ, ಅದರದೊಂದು ನಕಲು ಕೊಡಿರಿ" ಎಂದರೆ ಕಚೇರಿಯವರು ಕೊಡಬೇಕೆ, ಕೊಡಬೇಡವೆ? ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರವನ್ನು ಹೇಳಿಟ್ಟರು. ಆ ಉತ್ತರದ ಬೆಲೆ ಎಷ್ಟೆಂಬುದು ಮ್ಯಾಸಚೂಸೆಟ್ಸ್ ಸಂಸ್ಥಾನದ ಎಸೆಕ್ಸ್ ಎಂಬ ಒಂದು ಕೌಂಟಿಯ ಕ್ರಿಮಿನಲ್ ಕಡತಗಳ ಕಥೆಯಿಂದ ಚೆನ್ನಾಗಿ ತಿಳಿಯುವುದು. ಆ ಕಡತಗಳು ಹುಟ್ಟಿದ ಬಗೆ, ಚದರಿದ ಬಗೆ, ಮರಳಿ ಕೂಡಿದ ಬಗೆ, ಈಗಿನ ಕಾಲದಲ್ಲಿ ಅಂತಹ ಕಡತವನ್ನು ಹುಡುಕಿ ಕೇಳಿ ಪಡೆಯುವ ಬಗೆ, ಇವು ಇಲ್ಲಿ ವಿಚಾರಿಸತಕ್ಕ ವಿಷಯಗಳು.

೨

ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಿದ್ದಂತೆ. ಇಂಗ್ಲೆಂಡಿನಿಂದ ವಲಸೆ ಹೋದ ಪ್ಯೂರಿಟನ್ ಪಂಥದ ಕ್ರೈಸ್ತರು ಮ್ಯಾಸಚೂಸೆಟ್ಸ್ ಕೊಲ್ಲಿಯ ತೀರದಲ್ಲಿ ನೆಲಸಿ, ೧೬೪೩ರಲ್ಲಿ ತಮ್ಮ ವಸಾಹತನ್ನು ನಾಲ್ಕು ಕೌಂಟಿಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಎಸೆಕ್ಸ್ ಒಂದು. ಸೇಲಂ, ಇಪ್ಸ್‌ವಿಚ್, ಆಂಡೋವರ್ ಮೊದಲಾದವು ಅದರ ಊರುಗಳು. ಹೆಸರು ಒಂದೇ ಆದರೂ ಈ ಸೇಲಮ್ಮಿಗೂ ತಮಿಳುನಾಡಿನ ಸೇಲಮ್ಮಿಗೂ ಸಂಬಂಧವಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಸೇಲಂ ಮತ್ತು ಇಪ್ಸ್‌ವಿಚ್ ಊರುಗಳಲ್ಲಿ ಮೂರು ತಿಂಗಳಿಗೊಮ್ಮೆ ಕೋರ್ಟು ಕೂಡುತ್ತಿದ್ದಿತು.

ಕಾಡು ಕಡಿದು ಹೊಸದಾಗಿ ಮನೆ ಕಟ್ಟಿಕೊಳ್ಳುತ್ತಿದ್ದ ಆ ಜನರಿಗೆ ಬರವಣಿಗೆಯಲ್ಲಿ ಇದ್ದ ಆಸ್ಥೆಯು ಆಶ್ಚರ್ಯಕರವಾದುದು. ೧೬೩೯ರಲ್ಲಿಯೇ ಅವರ ಶಾಸನಸಭೆಯು, ತೀರ್ಪುಗಳನ್ನು ಕೊಟ್ಟರೂ ಅವುಗಳ ಸಾಕ್ಷ್ಯವನ್ನೂ ಕಾರಣಗಳನ್ನೂ ಬರೆದಿಡುತ್ತಿಲ್ಲವೆಂಬ ಲೋಪವನ್ನು ಕಂಡು, ಇನ್ನು ಮುಂದೆ ಪ್ರತಿಯೊಂದು ತೀರ್ಪನ್ನೂ ಅದರ ಸಾಕ್ಷ್ಯದೊಡನೆ ಪುಸ್ತಕದಲ್ಲಿ ಬರೆದು ಮುಂದಿನ ಪೀಳಿಗೆಗಾಗಿ ಕಾಪಾಡತಕ್ಕದ್ದೆಂದು ವಿಧಿಸಿತು. ೧೬೪೧ರಲ್ಲಿ 'ಬಾಡಿ ಆಫ್ ಲಿಬರ್ಟೀಸ್' ಎಂಬ ನಿಬಂಧನೆಗಳ ಸಂಗ್ರಹವು ಅಂಗೀಕೃತವಾಯಿತು. ಇದನ್ನು ರಚಿಸಿದವನು ಇಂಗ್ಲೆಂಡಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ, ಅನಂತರ ಎಸೆಕ್ಸ್ ಕೌಂಟಿಯ ಇಪ್ಸ್‌ವಿಚ್ಚಿನಲ್ಲಿ ಪಾದ್ರಿಯಾಗಿದ್ದ ನ್ಯಾಥನಿಯಲ್ ವಾರ್ಡ್ ಎಂಬುವನು. ಅದರ ೪೮ನೆಯ ವಿಧಿಯ ತಾತ್ಪರ್ಯವೇನೆಂದರೆ: ವಸಾಹತಿನ ಯಾವ ನಿವಾಸಿಯಾದರೂ, ಆಡಳಿತ ಮಂಡಲಿಯ ಪತ್ರಗಳನ್ನುಳಿದು, ಯಾವ ನ್ಯಾಯಸ್ಥಾನದ ಅಥವಾ ಕಚೇರಿಯ ಕಡತವನ್ನಾದರೂ ಹುಡುಕಿ ನೋಡಬಹುದು, ಗೊತ್ತಾದ ಶುಲ್ಕವನ್ನು ತೆತ್ತು, ಅಧಿಕಾರಿಯು ಮೂಲದೊಡನೆ ತಾಳೆ ನೋಡಿ ರುಜು ಹಾಕಿದ ನಕಲನ್ನು ಪಡೆಯಬಹುದು. "ನಿನಗೂ ಈ ಮೊಕದ್ದಮೆಗೂ ಏನು ಸಂಬಂಧ?" ಎಂದು ಕೇಳುವುದಕ್ಕೆ ಅಲ್ಲಿ ಎಡೆಯಿರಲಿಲ್ಲ.

ಅದೇ ಸಂಗ್ರಹದ ಮತ್ತೊಂದು ಭಾಗದಲ್ಲಿ ಮರಣದಂಡನೆಗೆ ತಕ್ಕ ಅಪರಾಧಗಳ ಪಟ್ಟಿಯುಂಟು. ಅದರಲ್ಲಿ ಮಾಟವೂ ಒಂದು. ಮಾಟಗಾರರನ್ನು ಕೊಲ್ಲಿಸುವ ವಿಧಿಯನ್ನೂ, ಕೊಂದವರ ಕಡತವನ್ನು ಯಾರು ಬೇಕಾದರೂ ನೋಡಬಹುದೆಂಬ ವಿಧಿಯನ್ನೂ ಬರೆದ ಕೈ ಒಂದೇ. ಐವತ್ತು ವರ್ಷಗಳ ತರುವಾಯ ಮೊದಲನೆಯ ನಂಬಿಕೆಯು ಎಸೆಕ್ಸ್ ಕೌಂಟಿಯಲ್ಲಿ ಮಾಡಿದ ಅನರ್ಥವನ್ನು ತಿದ್ದುವುದಕ್ಕೆ ಎರಡನೆಯ ಪದ್ಧತಿಯೇ ಸಾಧನವಾಯಿತು.

೩

೧೬೯೨ರ ಆರಂಭದಲ್ಲಿ ಸೇಲಂ ಗ್ರಾಮದ ಪಾದ್ರಿ ಸ್ಯಾಮ್ಯುಯಲ್ ಪ್ಯಾರಿಸ್ಸನ ಮನೆಯ ಇಬ್ಬರು ಹುಡುಗಿಯರಿಗೆ ಅಪಸ್ಮಾರದಂತಹ ಪೀಡೆ ಕಾಣಿಸಿಕೊಂಡಿತು. ಮಾಟವೆಂಬ ಶಂಕೆ ಹುಟ್ಟಿ, ಫೆಬ್ರವರಿ ೨೯ರಂದು ಮೂವರು ಹೆಂಗಸರ ಮೇಲೆ ವಾರಂಟುಗಳು ಹೊರಟವು. ಬೆಂಕಿಯು ಒಣಹುಲ್ಲಿಗೆ ತಗುಲಿದಂತೆ ಆರೋಪಗಳು ಊರಿಂದೂರಿಗೆ ಹಬ್ಬಿ, ಆ ವರ್ಷ ನೂರೈವತ್ತು ಜನರಿಗೆ ಕಡಮೆಯಿಲ್ಲದಂತೆ ಸಿಕ್ಕಿಬಿದ್ದರು. ಹೊಸ ಗವರ್ನರ್ ವಿಲಿಯಂ ಫಿಪ್ಸನು ಮೇ ೨೭ರಂದು 'ಆಯರ್ ಅಂಡ್ ಟರ್ಮಿನರ್', ಎಂದರೆ ಕೇಳಿ ತೀರ್ಮಾನಿಸುವ, ವಿಶೇಷ ನ್ಯಾಯಸ್ಥಾನವೊಂದನ್ನು ನೇಮಿಸಿದನು. ಜೂನ್ ೧೦ರಿಂದ ಸೆಪ್ಟೆಂಬರ್ ೨೨ರೊಳಗಾಗಿ ಹದಿನಾಲ್ಕು ಮಂದಿ ಹೆಂಗಸರೂ ಐವರು ಗಂಡಸರೂ ಗಲ್ಲಿಗೇರಿದರು. ವಿಚಾರಣೆಗೆ ಒಳಪಡಲೊಲ್ಲದ ಜೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐದು ಮಂದಿ ಸೆರೆಮನೆಯಲ್ಲಿಯೇ ಸತ್ತರು.

ಈ ಅನ್ಯಾಯವೆಲ್ಲವೂ ಕ್ರಮಬದ್ಧವಾಗಿ, ಕಾಗದದ ಮೇಲೆ, ನಡೆಯಿತೆಂಬುದನ್ನು ಗಮನಿಸಬೇಕು. ಮೊದಲು ಫಿರ್ಯಾದು, ಅದರ ಮೇಲೆ ವಾರಂಟು, ವಾರಂಟಿನ ಕೆಳಗೆ, ಆರೋಪಿಯನ್ನು ಹಿಡಿದು ತಂದುದಾಗಿ ಕಾನ್‌ಸ್ಟೇಬಲನ ಷರಾ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಶ್ನೋತ್ತರ, ಸಾಕ್ಷಿಗಳ ಹೇಳಿಕೆಗಳು, ದೋಷಾರೋಪಣಪತ್ರ, ಅದರ ಮೇಲೆ ಗ್ರ್ಯಾಂಡ್ ಜೂರಿಯವರು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದ 'ಬಿಲ್ಲ ವೇರ' (ಆರೋಪವು ಸರಿ) ಅಥವಾ 'ಇಗ್ನೊರಾಮುಸ್' (ನಾವರಿಯೆವು) ಎಂಬ ಮಾತು, ಕಡೆಗೆ ಮರಣದ ವಾರಂಟು. ಮೊದಲು ಗಲ್ಲಿಗೇರಿದ ಬ್ರಿಜೆಟ್ ಬಿಷಪ್ಪಳ ಮರಣದ ವಾರಂಟು ಇಂದಿಗೂ ಉಳಿದಿದೆ. ಅಪ್ಪಣೆಯಂತೆ ನಡೆಸಿರುವುದಾಗಿ ಷರೀಫ್ ಜಾರ್ಜ್ ಕಾರ್ವಿನನು ಅದರ ಕೆಳಗೆ ಬರೆದಿರುವನು. ಸೆರೆಯಾಳುಗಳ ಊಟದ ಲೆಕ್ಕ, ಸಂಕೋಲೆಯ ಲೆಕ್ಕ ಮುಂತಾದವೂ ಉಂಟು. ಏಕೆಂದರೆ ಸೆರೆಮನೆಯ ಖರ್ಚನ್ನು ಸೆರೆಯಾಳೇ ತೆರಬೇಕಾಗಿದ್ದಿತು. ನಿರ್ದೋಷಿಯೆಂದು ತೀರ್ಮಾನವಾದರೂ ಬಾಕಿ ತೀರಿಸದೆ ಹೊರಬರುವಂತಿರಲಿಲ್ಲ.

ಆದರೆ ಆ ವಿಶೇಷ ನ್ಯಾಯಸ್ಥಾನದ ತೀರ್ಪುಗಳನ್ನು ಬರೆದಿಟ್ಟ ಪುಸ್ತಕವು ಎಲ್ಲಿಯೂ ಸಿಕ್ಕಿಲ್ಲ. ದೂರು ಇದೆ, ಉತ್ತರವಿದೆ, ಸಾಕ್ಷ್ಯವಿದೆ; ವ್ಯವಹಾರದ ನಾಲ್ಕನೆಯ ಪಾದ ಮಾತ್ರ ಇಲ್ಲ. ಯಾವ ಆರೋಪಿಯು ಯಾವ ದಿನ ಏನು ಹೇಳಿಕೊಂಡನು, ಜೂರಿಯವರು ಎಷ್ಟು ಹೊತ್ತು ಕುಳಿತರು, ನ್ಯಾಯಾಧಿಪತಿಗಳು ಏನೆಂದರು ಎಂಬುದನ್ನು ಉಳಿದ ಚೂರುಪಾರುಗಳಿಂದ ಊಹಿಸಬೇಕಾಗಿದೆ.

೪

ಆ ಕಾಲದಲ್ಲಿಯೇ ಈ ಕಡತಗಳನ್ನು ಕೇಳಿದವರಲ್ಲಿ ಎರಡು ಪಕ್ಷದವರೂ ಇದ್ದರು. ಒಬ್ಬನು ಬಾಸ್ಟನ್ನಿನ ಪ್ರಸಿದ್ಧ ಪಾದ್ರಿ ಕಾಟನ್ ಮ್ಯಾದರ್. ನ್ಯಾಯಸ್ಥಾನದ ನಡತೆಯನ್ನು ಸಮರ್ಥಿಸಿ ಪುಸ್ತಕ ಬರೆಯಬೇಕೆಂದು ಅವನ ಉದ್ದೇಶ. ೧೬೯೨ರ ಸೆಪ್ಟೆಂಬರಿನಲ್ಲಿ ಅವನು ಕೋರ್ಟಿನ ಗುಮಾಸ್ತ ಸ್ಟೀಫನ್ ಸಿವಾಲನಿಗೆ ಕಾಗದ ಬರೆದು, ಕೆಲವು ವಿಚಾರಣೆಗಳ ಸಾಕ್ಷ್ಯದ ವಿವರಗಳನ್ನು ಕಳುಹಿಸಿಕೊಡಬೇಕೆಂದು ಕೋರಿದನು. ಅವನ ಪುಸ್ತಕದಲ್ಲಿ ಐದು ವಿಚಾರಣೆಗಳ ವೃತ್ತಾಂತವಿದೆ. ಅಧಿಕಾರದ ಬಳಿಯಲ್ಲಿದ್ದವನಿಗೆ ಪತ್ರಗಳು ಸುಲಭವಾಗಿ ದೊರೆತವು.

ಇನ್ನೊಂದು ಪಕ್ಷದವರು ರೆಬೆಕಾ ನರ್ಸ್ ಎಂಬ ವೃದ್ಧೆಯ ಬಂಧುಗಳು. ಎಪ್ಪತ್ತರ ಅಂಚಿನಲ್ಲಿದ್ದ ಆಕೆಯು ಸಾಧ್ವಿಯೆಂದು ಮೂವತ್ತೊಂಬತ್ತು ಮಂದಿ ಊರವರು ರುಜು ಹಾಕಿಕೊಟ್ಟ ಪತ್ರವು ಉಳಿದುಬಂದಿದೆ. ಆ ರುಜುಗಳಲ್ಲಿ ಜೊನಾಥನ್ ಪಟ್ನಂ ಎಂಬುವನದೂ ಒಂದು. ಕೆಲವೇ ತಿಂಗಳ ಹಿಂದೆ ಆಕೆಯ ಮೇಲೆ ಫಿರ್ಯಾದು ಕೊಟ್ಟವರಲ್ಲಿ ಇವನೂ ಇದ್ದನೆಂಬುದು ಫಿರ್ಯಾದನ್ನೂ ಈ ಪತ್ರವನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ ಗೊತ್ತಾಗುವುದು. ಮನುಷ್ಯನ ಮನಸ್ಸು ತಿರುಗಿದುದಕ್ಕೆ ಆ ಎರಡು ಕಾಗದಗಳೇ ಸಾಕ್ಷಿ.

ಜೂರಿಯವರು ಮೊದಲು ರೆಬೆಕಾ ನಿರ್ದೋಷಿಯೆಂದರು. ನ್ಯಾಯಾಧಿಪತಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ತಪ್ಪೊಪ್ಪಿಕೊಂಡಿದ್ದ ಇನ್ನೊಬ್ಬ ಸೆರೆಯಾಳನ್ನು ಸಾಕ್ಷಿಗಾಗಿ ಕರೆತಂದಾಗ, "ಈಕೆ ನಮ್ಮವಳು" ಎಂಬ ಅರ್ಥ ಬರುವಂತೆ ರೆಬೆಕಾ ಒಂದು ಮಾತಾಡಿದ್ದಳು. ಇದನ್ನು ಜ್ಞಾಪಿಸಲಾಗಿ, ಜೂರಿಯವರು ಮರಳಿ ಆಲೋಚನೆಗೆ ಹೋದರು. ಬಂದು, ಆ ಮಾತಿನ ಅರ್ಥವೇನೆಂದು ಆಕೆಯನ್ನು ಕೇಳಿದರು. ಆಕೆ ಸುಮ್ಮನಿದ್ದಳು. ಅಪರಾಧಿಯೆಂದು ತೀರ್ಪಾಯಿತು.

ಆಕೆಯ ಬಂಧುಗಳು ಸುಮ್ಮನಾಗಲಿಲ್ಲ. ತೀರ್ಪು ಏಕೆ ತಿರುಗಿತೆಂದು ಜೂರಿಯ ಮುಖ್ಯಸ್ಥ ಥಾಮಸ್ ಫಿಸ್ಕನನ್ನೇ ಕೇಳಿದರು. ಜುಲೈ ೪ರಂದು ಅವನು ನಡೆದುದನ್ನು ಬರೆದು ರುಜು ಹಾಕಿಕೊಟ್ಟನು. ಆಕೆ ಉತ್ತರ ಕೊಡದಿದ್ದುದರಿಂದ ಆ ಮಾತೇ ತನಗೆ ಮುಖ್ಯ ಪ್ರಮಾಣವಾಯಿತೆಂದು ಅವನ ಒಪ್ಪಿಗೆ. ರೆಬೆಕಾ ತನ್ನ ಸಮಾಧಾನವನ್ನೂ ಬರೆಯಿಸಿದಳು: ಅವಳೂ ತನ್ನಂತೆ ಸೆರೆಯಾಳೆಂಬುದಷ್ಟೇ ತನ್ನ ಮಾತಿನ ಅಭಿಪ್ರಾಯ, ತನಗೆ ಕಿವಿ ಮಂದ, ಮನಸ್ಸು ದುಃಖದಿಂದ ತುಂಬಿದ್ದಿತು, ಕೋರ್ಟಿನವರು ತನ್ನ ಮಾತನ್ನು ಹೇಗೆ ಗ್ರಹಿಸಿದರೆಂದು ಯಾರೂ ತಿಳಿಸಲಿಲ್ಲ. ಜುಲೈ ೧೯ರಂದು ಆಕೆಯನ್ನು ಗಲ್ಲಿಗೇರಿಸಿದರು. ಬಾಸ್ಟನ್ನಿನ ಬಟ್ಟೆಯ ವರ್ತಕ ರಾಬರ್ಟ್ ಕ್ಯಾಲೆಫನು ಈ ಎರಡು ಪತ್ರಗಳನ್ನೂ ಸೇರಿಸಿ, ಮ್ಯಾದರನಿಗೆ ಪ್ರತಿಯಾಗಿ ಬರೆದ ಗ್ರಂಥವನ್ನು ೧೭೦೦ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ತೀರ್ಪಿನ ಪುಸ್ತಕವು ಹೋದರೂ ತೀರ್ಪಿನ ಕಾರಣವು ಉಳಿದುದು ಹೀಗೆ: ಬಂಧುಗಳು ಕೇಳಿದರು, ಕೇಳಿದುದನ್ನು ಬರೆಯಿಸಿಕೊಂಡರು.

೫

ಅಕ್ಟೋಬರ್ ಕೊನೆಗೆ ವಿಶೇಷ ನ್ಯಾಯಸ್ಥಾನವು ಮುಗಿಯಿತು. ಅದರ ಬದಲಾಗಿ ಏರ್ಪಟ್ಟ ಸುಪೀರಿಯರ್ ಕೋರ್ಟು ೧೬೯೩ರ ಜನವರಿಯಲ್ಲಿ ಸೇಲಮ್ಮಿನಲ್ಲಿ ಕೂಡಿತು. ಈ ಕೋರ್ಟಿನ ದಾಖಲೆಯ ಪುಸ್ತಕವು ಉಳಿದಿದೆ. ಆರೋಪಿಯ ಛಾಯಾರೂಪವು ಬಂದು ಪೀಡಿಸಿತೆಂಬ ಸಾಕ್ಷ್ಯಕ್ಕೆ ಈಗ ಮನ್ನಣೆ ಇಲ್ಲದೆ ಹೋದುದರಿಂದ ಬಹು ಮಂದಿ ಬಿಡುಗಡೆ ಹೊಂದಿದರು. ಮೂವರು ಮಾತ್ರ ಅಪರಾಧಿಗಳೆನಿಸಿದರು. ಅವರಲ್ಲಿ ಒಬ್ಬಳು ಆಂಡೋವರಿನ ಎಲಿಜಬೆತ್ ಜಾನ್ಸನ್. ವಯಸ್ಸು ಇಪ್ಪತ್ತೆರಡು. ಅವಳ ತಾತನಾದ ಪಾದ್ರಿ ಫ್ರಾನ್ಸಿಸ್ ಡೇನನೇ ಅವಳನ್ನು ಬುದ್ಧಿ ಮಂದವಾದವಳೆಂದು ಹೇಳಿರುವನು. ಹೆದರಿಸಿ ಕೇಳಿದಾಗ ಮಾಟ ಮಾಡಿದೆನೆಂದು ಒಪ್ಪಿಕೊಂಡಿದ್ದಳು. ಗವರ್ನರ್ ಫಿಪ್ಸನು ಶಿಕ್ಷೆಯನ್ನು ತಡೆದುದರಿಂದ ಪ್ರಾಣ ಉಳಿಯಿತು. ಆದರೆ ಅಪರಾಧಿಯೆಂಬ ಬರಹವು ಅಳಿಯಲಿಲ್ಲ.

ವರ್ಷಗಳು ಕಳೆದಂತೆ ಜನರಿಗೆ ಪಶ್ಚಾತ್ತಾಪವುಂಟಾಯಿತು. ನ್ಯಾಯಾಧಿಪತಿಗಳಲ್ಲೊಬ್ಬನಾದ ಸ್ಯಾಮ್ಯುಯಲ್ ಸಿವಾಲನು ೧೬೯೭ರಲ್ಲಿ ದೇವಾಲಯದಲ್ಲಿ ಎಲ್ಲರೆದುರು ಎದ್ದುನಿಂತು ತನ್ನ ತಪ್ಪನ್ನು ಒಪ್ಪಿಕೊಂಡನು. ೧೭೧೦ರಲ್ಲಿ ನೊಂದ ಕುಟುಂಬಗಳವರು ತಮಗಾದ ನಷ್ಟವನ್ನು ಬರೆದು ಅರ್ಜಿಗಳನ್ನು ಕೊಟ್ಟರು. ೧೭೧೧ರ ಅಕ್ಟೋಬರ್ ೧೭ರ ಶಾಸನವು ಇಪ್ಪತ್ತೆರಡು ಮಂದಿಯ ಹೆಸರುಗಳನ್ನು ಹೇಳಿ ಅವರ ಮೇಲಿನ ತೀರ್ಪುಗಳನ್ನು ರದ್ದುಪಡಿಸಿತು. ೫೭೮ ಪೌಂಡು ೧೨ ಷಿಲ್ಲಿಂಗುಗಳ ಪರಿಹಾರವೂ ಮಂಜೂರಾಯಿತು. ಆ ಪಟ್ಟಿಯಲ್ಲಿ ಎಲಿಜಬೆತ್ ಜಾನ್ಸನ್ನಳ ಹೆಸರು ಇರಲಿಲ್ಲ. ಅವಳ ತಾಯಿಯ ಹೆಸರೂ ಅದೇ. ತಾಯಿಯೂ ಬಂಧಿತಳಾಗಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದ್ದವಳು. ೧೭೧೨ರಲ್ಲಿ ಮಗಳು, ತನ್ನ ಹೆಸರನ್ನೂ ಶಾಸನದಲ್ಲಿ ಸೇರಿಸಬೇಕೆಂದು ಅರ್ಜಿ ಕೊಟ್ಟಳು. ಅದು ನೆರವೇರಲಿಲ್ಲ. ಮದುವೆಯಿಲ್ಲದೆ, ಮಕ್ಕಳಿಲ್ಲದೆ, ಅವಳು ೧೭೪೭ರಲ್ಲಿ ಸತ್ತಳು. ಅರ್ಜಿಯು ಮಾತ್ರ ಕಡತದಲ್ಲಿ ಉಳಿಯಿತು.

೬

ಆಮೇಲೆ ಆ ಕಾಗದಗಳಿಗೂ ಅಜ್ಞಾತವಾಸವು ಬಂದಿತು. ಎಷ್ಟೋ ಪತ್ರಗಳು ಕೌಂಟಿಯ ಕಚೇರಿಯಲ್ಲಿ ಉಳಿದರೆ, ಎಷ್ಟೋ ಪತ್ರಗಳು ಕೈಯಿಂದ ಕೈಗೆ ಹೋಗಿ, ಬಾಸ್ಟನ್ನಿನ ಇತಿಹಾಸ ಸಂಘ, ಅಲ್ಲಿನ ಸಾರ್ವಜನಿಕ ಪುಸ್ತಕಭಂಡಾರ, ನ್ಯೂಯಾರ್ಕಿನ ಪುಸ್ತಕಭಂಡಾರ, ಸಂಸ್ಥಾನದ ದಫ್ತರಖಾನೆ ಇವುಗಳಲ್ಲಿ ಸೇರಿಕೊಂಡವು. ೧೮೬೪ರಲ್ಲಿ ವುಡ್‌ವರ್ಡ್ ಎಂಬುವನು ಕೌಂಟಿಯಲ್ಲಿದ್ದ ಪತ್ರಗಳನ್ನು ಅಚ್ಚು ಹಾಕಿಸತೊಡಗಿದನು. ಮುಂದೆ ಆರ್ಥಿಕ ಕಷ್ಟದ ದಿನಗಳಲ್ಲಿ, ಕೆಲಸವಿಲ್ಲದ ವಿದ್ಯಾವಂತರಿಗೆ ಕೆಲಸ ಕೊಡಲೆಂದು ಅಮೆರಿಕಾ ಸರ್ಕಾರವು ತೆರೆದ ಇಲಾಖೆಯವರು ದೇಶದ ಕೌಂಟಿಗಳ ಕಡತಗಳ ಪಟ್ಟಿಗಳನ್ನು ತಯಾರಿಸಿದರು. ಸೇಲಮ್ಮಿನ ಪತ್ರಗಳನ್ನೂ ೧೯೩೮ರಲ್ಲಿ ಟೈಪು ಮಾಡಿ ಮುಗಿಸಿದರು. ಹಸಿವು ನೀಗಿಸುವುದಕ್ಕೆ ಕೊಟ್ಟ ಕೂಲಿಯಿಂದ ಇತಿಹಾಸಕ್ಕೆ ಇಷ್ಟು ಲಾಭವಾದುದು ಸ್ಮರಣೀಯವಾಗಿದೆ. ಆ ಪ್ರತಿಯನ್ನು ಬಾಯರ್ ಮತ್ತು ನಿಸೆನ್‌ಬಾಮ್ ಎಂಬ ವಿದ್ವಾಂಸರು ೧೯೭೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದರು. ೨೦೦೯ರಲ್ಲಿ ಬರ್ನಾರ್ಡ್ ರೋಸೆಂತಾಲ್ ಮತ್ತು ಸಹಚರರು ಒಂಬೈನೂರಕ್ಕೂ ಹೆಚ್ಚು ಪತ್ರಗಳನ್ನು ಮೂಲದೊಡನೆ ತಾಳೆನೋಡಿ, ಕಾಲಕ್ರಮದಲ್ಲಿ ಜೋಡಿಸಿ ಹೊರತಂದರು. ೧೯೮೦ರಲ್ಲಿ ಸೇಲಮ್ಮಿನ ಸಂಸ್ಥೆಯೊಂದರಲ್ಲಿ ರಕ್ಷಣೆಗಾಗಿ ಇಟ್ಟಿದ್ದ ೫೨೭ ಮೂಲಪತ್ರಗಳು ೨೦೨೩ರಲ್ಲಿ ಬಾಸ್ಟನ್ನಿನ ನ್ಯಾಯಾಂಗದ ದಫ್ತರಖಾನೆಗೆ ಹಿಂದಿರುಗಿದವು.

ಹೀಗೆ ಕೂಡಿದ ಪತ್ರಗಳನ್ನು ನಿಧಾನವಾಗಿ ಓದಿದವರಿಗೆ ದೊರೆತ ಫಲಗಳಲ್ಲಿ ಎರಡನ್ನು ಹೇಳಬಹುದು. ನಾಲ್ಕೈದು ವರ್ಷದ ಒಂದು ಮಗುವನ್ನೂ ಆಗ ಸೆರೆಗೆ ಹಾಕಿದ್ದರು. ಅವಳ ತಾಯಿ ಸಾರಾ ಗುಡ್ ಗಲ್ಲಿಗೇರಿದಳು. ಎಂಟು ತಿಂಗಳ ಕಾಲ ಸಂಕೋಲೆಯಲ್ಲಿದ್ದ ಮಗುವಿಗೆ ಹದಿನೆಂಟು ವರ್ಷಗಳು ಕಳೆದರೂ ಬುದ್ಧಿ ನೆಟ್ಟಗಾಗಲಿಲ್ಲವೆಂದು ತಂದೆಯು ೧೭೧೦ರ ಅರ್ಜಿಯಲ್ಲಿ ಬರೆದುಕೊಂಡಿರುವನು. ಆ ಮಗುವಿನ ಹೆಸರು ಡಾರ್ಕಸ್ ಎಂದು ಪುಸ್ತಕಗಳಲ್ಲೆಲ್ಲಾ ಪ್ರಸಿದ್ಧವಾಗಿದ್ದಿತು. ಅದು ಮೊದಲ ವಾರಂಟಿನಲ್ಲಿ ಬಿದ್ದ ತಪ್ಪು. ನಿಜವಾದ ಹೆಸರು ಡಾರತಿಯೆಂದು ಉಳಿದ ಪತ್ರಗಳಿಂದ ಸ್ಥಿರಪಟ್ಟಿತು. ಎರಡನೆಯದು, ಗಲ್ಲಿಗೇರಿಸಿದ ಸ್ಥಳದ ವಿಚಾರ. ಅದು ಯಾವುದೆಂಬುದು ಜನರಿಗೆ ಮರೆತುಹೋಗಿದ್ದಿತು. ರೆಬೆಕಾ ಈಮ್ಸ್ ಎಂಬ ಆರೋಪಿಯನ್ನು ಆಗಸ್ಟ್ ೧೯ರಂದು ಸೇಲಮ್ಮಿಗೆ ತಂದರು. ಆ ದಿನವೇ ಐವರಿಗೆ ಗಲ್ಲಾಯಿತು. ಅದನ್ನು ಕಂಡೆಯಾ ಎಂದು ಕೇಳಲು, ತಾನು ಗುಡ್ಡದ ಕೆಳಗಿನ ಮನೆಯಲ್ಲಿದ್ದೆನೆಂದೂ ಅಲ್ಲಿಂದ ಕೆಲವರನ್ನು ಕಂಡೆನೆಂದೂ ಆಕೆ ಹೇಳಿದಳು. ಈ ಒಂದು ಸಾಲಿನ ಜಾಡು ಹಿಡಿದು, ಆ ಮನೆಯಿಂದ ಯಾವ ನೆಲ ಕಾಣುವುದೆಂದು ಪರೀಕ್ಷಿಸಿ, ವಿದ್ವಾಂಸರು 'ಪ್ರಾಕ್ಟರ್ಸ್ ಲೆಡ್ಜ್' ಎಂಬ ಜಾಗವೇ ಅದೆಂದು ೨೦೧೬ರಲ್ಲಿ ಖಚಿತಪಡಿಸಿದರು. ಸಿಡ್ನಿ ಪರ್ಲಿ ಎಂಬ ಇತಿಹಾಸಕಾರನು ಹಿಂದೆ ಹೇಳಿದ್ದುದೂ ಅದನ್ನೇ. ೨೦೧೭ರ ಜುಲೈ ೧೯ರಂದು ಅಲ್ಲಿ ಸ್ಮಾರಕವು ಪ್ರತಿಷ್ಠಿತವಾಯಿತು. ಪ್ರಶ್ನೆ ಕೇಳಿದ ಮ್ಯಾಜಿಸ್ಟ್ರೇಟನಿಗೆ ಆ ಉತ್ತರದಿಂದ ಇಂತಹ ಪ್ರಯೋಜನವಾದೀತೆಂದು ಊಹೆಯಾದರೂ ಇದ್ದೀತೆ?

೭

ಈಗಿನ ಕಾಲದಲ್ಲಿ ಅಮೆರಿಕಾದ ಕೌಂಟಿಯೊಂದರ ಕ್ರಿಮಿನಲ್ ಕಡತವನ್ನು ನೋಡಬೇಕೆನ್ನುವವನು ಅನುಸರಿಸತಕ್ಕ ಕ್ರಮವೂ ಈ ಹಳೆಯ ಅಡಿಪಾಯದ ಮೇಲೆಯೇ ನಿಂತಿದೆ. ೧೯೭೮ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಧ್ಯಕ್ಷ ನಿಕ್ಸನ್ನನಿಗೂ ವಾರ್ನರ್ ಕಮ್ಯೂನಿಕೇಷನ್ಸ್ ಕಂಪೆನಿಗೂ ನಡೆದ ವ್ಯಾಜ್ಯದಲ್ಲಿ, ನ್ಯಾಯಸ್ಥಾನದ ಕಡತಗಳನ್ನು ನೋಡಲೂ ನಕಲು ಪಡೆಯಲೂ ಜನರಿಗೆ ಸಾಮಾನ್ಯವಾದ ಹಕ್ಕುಂಟೆಂದೂ, ಇದಕ್ಕೆ ಆಸ್ತಿಯ ಸಂಬಂಧವನ್ನು ತೋರಿಸಬೇಕಾಗಿಲ್ಲವೆಂದೂ, ಆದರೆ ಈ ಹಕ್ಕಿಗೆ ಮಿತಿಯುಂಟೆಂದೂ ಹೇಳಿತು.

ಮೊದಲು ತಿಳಿಯಬೇಕಾದುದು ಅಪರಾಧವು ನಡೆದ ಸ್ಥಳ. ಆರೋಪಿಯು ವಾಸವಾಗಿದ್ದ ಊರು ಯಾವುದೇ ಇರಲಿ, ಸಾಮಾನ್ಯವಾಗಿ ಕೃತ್ಯ ನಡೆದ ಕೌಂಟಿಯಲ್ಲಿಯೇ ವಿಚಾರಣೆ. ಎರಡನೆಯದು ಯಾವ ಕೋರ್ಟೆಂಬುದು: ಸಣ್ಣ ಅಪರಾಧಗಳು ಕೆಳಗಿನ ಕೋರ್ಟಿಗೂ ಘೋರಾಪರಾಧಗಳು ಮೇಲಿನ ಕೋರ್ಟಿಗೂ ಹೋಗುವುವು, ಇವುಗಳ ಹೆಸರು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಟೆಕ್ಸಾಸಿನಲ್ಲಿ ಘೋರಾಪರಾಧದ ಕಡತವು ಡಿಸ್ಟ್ರಿಕ್ಟ್ ಕ್ಲಾರ್ಕನ ವಶದಲ್ಲಿದ್ದರೆ ಸಣ್ಣ ಅಪರಾಧಗಳದು ಕೌಂಟಿ ಕ್ಲಾರ್ಕನ ವಶದಲ್ಲಿರುವುದು. ಕೇ೦ದ್ರ ಸರ್ಕಾರದ ಕಾನೂನಿಗೆ ಸೇರಿದ ಅಪರಾಧವಾದರೆ ಕೌಂಟಿಯಲ್ಲಿ ಹುಡುಕಿ ಫಲವಿಲ್ಲ. ಮೂರನೆಯದು ಕಾಲ ಮತ್ತು ಹೆಸರು. ಆರೋಪಿಗಳ ಹೆಸರಿನ ಅಕಾರಾದಿಯಲ್ಲಿ ನೋಡಿ ಮೊಕದ್ದಮೆಯ ನಂಬರನ್ನು ತಿಳಿದುಕೊಳ್ಳಬೇಕು. ಡಾರತಿ ಡಾರ್ಕಸಳಾದುದನ್ನು ನೆನೆದು, ಒಂದೇ ಹೆಸರನ್ನು ನಾನಾ ಬಗೆಯಾಗಿ ಬರೆದಿರಬಹುದೆಂದು ತಿಳಿದು ಹುಡುಕಬೇಕು.

ನಂಬರು ಸಿಕ್ಕಿದ ಮೇಲೆ 'ಡಾಕೆಟ್' ಎಂಬ ದಿನಚರಿ ಪಟ್ಟಿಯನ್ನು ನೋಡಿದರೆ ಯಾವ ತಾರೀಖಿನಲ್ಲಿ ಯಾವ ಕಾಗದ ದಾಖಲಾಯಿತೆಂದು ತಿಳಿಯುವುದು. ಅದು ಕೇವಲ ಪಟ್ಟಿ. ಹೇಳಿಕೆಗಳೂ ಆರೋಪಣಪತ್ರವೂ ತೀರ್ಪೂ ಕಡತದಲ್ಲಿರುವುವು. ಈಚೆಗೆ ಕಂಪ್ಯೂಟರಿನಲ್ಲಿ ತೋರುವುದು ಅನೇಕ ಕಡೆಗಳಲ್ಲಿ ಪಟ್ಟಿಯಷ್ಟೇ ಆದುದರಿಂದ ಅಷ್ಟಕ್ಕೆ ತೃಪ್ತರಾಗಬಾರದು. ಬೇಕಾದ ಕಾಗದಗಳನ್ನು ಹೆಸರಿಸಿ ಅರ್ಜಿ ಬರೆದು, ಸಾದಾ ನಕಲೋ ಮುದ್ರೆಯೊತ್ತಿ ದೃಢೀಕರಿಸಿದ ನಕಲೋ ಎಂಬುದನ್ನು ಸ್ಪಷ್ಟಪಡಿಸಿ ಶುಲ್ಕ ಕಟ್ಟಬೇಕು. ಬೇರೊಂದು ಕಚೇರಿಗೆ ಒಪ್ಪಿಸುವುದಾದರೆ ದೃಢೀಕರಿಸಿದುದೇ ಬೇಕು. ಹಳೆಯ ಕಡತಗಳು ಸಂಸ್ಥಾನದ ದಫ್ತರಖಾನೆಗೆ ಹೋಗಿರುವುದುಂಟು. ಎಸೆಕ್ಸ್ ಕೌಂಟಿಯ ಆಡಳಿತವೇ ೧೯೯೯ರಲ್ಲಿ ರದ್ದಾದರೂ ಅದರ ಹೆಸರಿನ ಕೋರ್ಟುಗಳೂ ಕಡತಗಳೂ ಇವೆ. ಕಾನೂನಿನ ಪ್ರಕಾರ ಅವಧಿ ತೀರಿದ ಕೆಲವು ಕಡತಗಳನ್ನು ನಾಶಮಾಡಿರುವುದೂ ಉಂಟು.

ಮಿತಿಗಳೂ ಉಂಟೆಂದು ಹೇಳಿತಲ್ಲವೆ? ಬಾಲಾಪರಾಧಿಗಳ ಕಡತಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ನ್ಯಾಯಾಧಿಪತಿಯು ಮುದ್ರೆ ಹಾಕಿಸಿದ ಕಡತಗಳನ್ನೂ ತೋರಿಸುವುದಿಲ್ಲ. ೧೯೮೯ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಭೇದವನ್ನು ಮಾಡಿತು. ಒಬ್ಬನ ಅಪರಾಧಗಳ ಕಡತಗಳು ಅಲ್ಲಲ್ಲಿನ ಕೌಂಟಿಗಳಲ್ಲಿ ಬಹಿರಂಗವಾಗಿಯೇ ಇರಬಹುದು; ಆದರೆ ಅವೆಲ್ಲವನ್ನೂ ಒಟ್ಟುಗೂಡಿಸಿ ಕೇಂದ್ರ ಸರ್ಕಾರವು ಇಟ್ಟಿರುವ ಪಟ್ಟಿಯನ್ನು ಕೇಳಿದವರಿಗೆಲ್ಲಾ ಕೊಡಬೇಕಾಗಿಲ್ಲವೆಂದು ಅದರ ನಿರ್ಣಯ. ಶಿಕ್ಷೆಯನ್ನು ಅನುಭವಿಸಿ ನೆಟ್ಟಗೆ ಬಾಳುತ್ತಿರುವವನ ಹಳೆಯ ತಪ್ಪನ್ನು ಬೆರಳ ತುದಿಯಲ್ಲಿ ಎಲ್ಲರಿಗೂ ಒದಗಿಸಿದರೆ ಅದೂ ಒಂದು ಬಗೆಯ ಶಿಕ್ಷೆಯೇ. ಮುಚ್ಚಿಟ್ಟರೆ ಅಧಿಕಾರಿಗಳ ಅನ್ಯಾಯವು ಬೆಳೆಯುವುದು. ತೀರ ತೆರೆದಿಟ್ಟರೆ ಬಡವನ ಮಾನವು ಬೀದಿಗೆ ಬೀಳುವುದು. ಇವೆರಡರ ನಡುವೆ ಹದವನ್ನು ಕಾಣುವ ಕೆಲಸವು ಆ ದೇಶದಲ್ಲಿ ಇನ್ನೂ ಮುಗಿದಿಲ್ಲ.

೮

೧೭೧೧ರ ಶಾಸನದಲ್ಲಿ ಬಿಟ್ಟುಹೋದವರ ಗತಿಯೇನಾಯಿತು? ೧೯೫೭ರಲ್ಲಿ ಸಂಸ್ಥಾನವು ಒಂದು ನಿರ್ಣಯವನ್ನು ಅಂಗೀಕರಿಸಿತು. ಆದರೆ ಅದರಲ್ಲಿ ಆ್ಯನ್ ಪ್ಯೂಡಿಯೇಟರಳ ಹೆಸರೊಂದನ್ನು ಹೇಳಿ, ಮಿಕ್ಕವರನ್ನು 'ಇತರ ಕೆಲವರು' ಎಂದಷ್ಟೇ ಬರೆದರು. ೨೦೦೧ರಲ್ಲಿ ಬ್ರಿಜೆಟ್ ಬಿಷಪ್, ಸುಸಾನಾ ಮಾರ್ಟಿನ್, ಆಲಿಸ್ ಪಾರ್ಕರ್, ವಿಲ್ಮಟ್ ರೆಡ್, ಮಾರ್ಗರೆಟ್ ಸ್ಕಾಟ್ ಎಂಬ ಐವರ ಹೆಸರುಗಳನ್ನು ಸೇರಿಸಿದರು. ಆಗಲೂ ಎಲಿಜಬೆತ್ ಜಾನ್ಸನ್ ಉಳಿದುಹೋದಳು. ಅವಳ ಪರವಾಗಿ ಮಾತನಾಡಲು ಸಂತತಿಯೂ ಇರಲಿಲ್ಲ.

ಕಡೆಗೆ ಆ ಕೆಲಸಕ್ಕೆ ಕೈ ಹಾಕಿದವರು ನಾರ್ತ್ ಆಂಡೋವರಿನ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು. ಪೌರನೀತಿಯ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿಯೊಬ್ಬರು ಈ ವಿಷಯವನ್ನು ಅವರ ಮುಂದಿಟ್ಟರು. ಮಕ್ಕಳು ಹಳೆಯ ಪತ್ರಗಳನ್ನು ಓದಿದರು. ತಮ್ಮ ಊರಿನವಳೇ ಆದ ಒಬ್ಬಳಿಗೆ ತೀರ್ಪು ಆದುದುಂಟು, ಅದು ರದ್ದಾದುದಿಲ್ಲವೆಂಬುದನ್ನು ಕಂಡುಕೊಂಡರು. ಶಾಸನಸಭೆಯವರಿಗೆ ಕಾಗದಗಳನ್ನು ಬರೆದರು. ಸೆನೆಟ್ಟಿನ ಸದಸ್ಯೆಯೊಬ್ಬರು ಅದನ್ನು ಎತ್ತಿಕೊಂಡರು. ೨೦೨೨ರ ಜುಲೈಯಲ್ಲಿ ಆಯವ್ಯಯದ ಮಸೂದೆಯೊಡನೆ ಅವಳ ಹೆಸರೂ ಸೇರಿ ಶಾಸನವಾಯಿತು. ತೀರ್ಪಾಗಿ ಮುನ್ನೂರ ಇಪ್ಪತ್ತೊಂಬತ್ತು ವರ್ಷಗಳು, ಅವಳು ಅರ್ಜಿ ಕೊಟ್ಟು ಮುನ್ನೂರ ಹತ್ತು ವರ್ಷಗಳು ಕಳೆದಿದ್ದುವು.

ಸತ್ತವಳಿಗೆ ಇದರಿಂದ ಏನು ಬಂದಿತೆಂದು ಕೇಳುವವರುಂಟು. ಬದುಕಿದ್ದಾಗಲೇ ಅವಳು ಇದನ್ನು ಕೇಳಿದ್ದಳೆಂಬುದೇ ಅದಕ್ಕೆ ಉತ್ತರ. ಬುದ್ಧಿ ಮಂದವಾದವಳೆನಿಸಿಕೊಂಡಿದ್ದ ಹೆಂಗಸೊಬ್ಬಳು ತನ್ನ ಹೆಸರಿನ ಮೇಲಿನ ಕಲೆಯನ್ನು ತೊಳೆಯಿರೆಂದು ಸರ್ಕಾರಕ್ಕೆ ಬರೆದುಕೊಂಡಳು. ಗುಮಾಸ್ತನು ಅದನ್ನು ಹರಿದು ಎಸೆಯದೆ ಕಡತದಲ್ಲಿ ಕಟ್ಟಿಟ್ಟನು. ಕಡತವನ್ನು ನೋಡಬೇಡಿರೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಈ ಮೂರರಲ್ಲಿ ಒಂದು ತಪ್ಪಿದ್ದರೂ ನಾಲ್ಕನೆಯ ಪಾದವು ಇಂದಿಗೂ ಅಪೂರ್ಣವಾಗಿಯೇ ಇರುತ್ತಿದ್ದಿತು.